ಸಂಚಿತಪುಣ್ಯವೂ ಆಕಾಶದ ಶಯ್ಯೆಯೂ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆಯಲ್ಲಿ, ಬಾಳಗಡಿಯಂತಹ ಊರುಗಳ ಆಸುಪಾಸಿನ ಅಡಿಕೆ ತೋಟಗಳ ನಡುವೆ, ವೃದ್ಧ ದಂಪತಿಗಳಿಬ್ಬರೇ ಉಳಿದಿರುವ ಮನೆಗಳು ಇಂದು ವಿರಳವಲ್ಲ. ಮಕ್ಕಳು ಓದಿ ಬೆಂಗಳೂರು ಸೇರಿದರು. ಬೆಂಗಳೂರನ್ನೂ ದಾಟಿದವರು ಕ್ಯಾಲಿಫೋರ್ನಿಯದಲ್ಲಿಯೋ ನ್ಯೂಜೆರ್ಸಿಯಲ್ಲಿಯೋ ನೆಲೆ ನಿಂತರು. ಕೊನೆಕೊಯ್ಲು ಮುಗಿದು, ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ, ಮಂಡಿಗೆ ಸಾಗಿಸಿಯಾದ ಮೇಲೆ, ಮೊಮ್ಮಕ್ಕಳ ಮುಖ ನೋಡುವ ಹಂಬಲದಿಂದ ಈ ಹಿರಿಯರು ಹೊರಡುವ ಪ್ರಯಾಣವು ಅಲ್ಪವಾದುದಲ್ಲ: ರಾತ್ರಿ ಬಸ್ಸಿನಲ್ಲಿ ಬೆಂಗಳೂರು, ಅಲ್ಲಿಂದ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ, ಅನಂತರ ಕಾಲು ಚಾಚಲೂ ಎಡೆಯಿಲ್ಲದ ಆಸನದಲ್ಲಿ ಹಗಲೂ ಇರುಳೂ ಒಂದಾಗಿಬಿಡುವಷ್ಟು ಹೊತ್ತು. 2021ರ ಜನವರಿಯಲ್ಲಿ ಏರ್ ಇಂಡಿಯ ಸಂಸ್ಥೆಯು ಸ್ಯಾನ್‌ಫ್ರಾನ್ಸಿಸ್ಕೋವಿಗೂ ಬೆಂಗಳೂರಿಗೂ ನಡುವೆ ಎಲ್ಲಿಯೂ ಇಳಿಯದ ಹಾರಾಟವನ್ನು ಆರಂಭಿಸಿ, ಉತ್ತರಧ್ರುವದ ಮೇಲಿನಿಂದ ಸುಮಾರು 14,000 ಕಿಲೋಮೀಟರುಗಳನ್ನು ಕ್ರಮಿಸಿದಾಗ, ಅದಕ್ಕೆ ಬೇಕಾದ ಕಾಲ ಸುಮಾರು 17 ಗಂಟೆಗಳು. ಎಪ್ಪತ್ತು ದಾಟಿದ ದೇಹಕ್ಕೆ ಅಷ್ಟು ಹೊತ್ತು ನೆಟ್ಟಗೆ ಕುಳಿತಿರುವುದು ಎಂತಹ ಕಷ್ಟವೆಂಬುದನ್ನು, ಇಳಿಯುವ ವೇಳೆಗೆ ಚಪ್ಪಲಿಯೊಳಗೆ ಹೋಗದಷ್ಟು ಬಾತುಕೊಂಡ ಪಾದಗಳೇ ಹೇಳಬಲ್ಲವು.

ಆದಕಾರಣ ಇತ್ತೀಚೆಗೆ ಇಂತಹ ಮನೆಗಳ ಫೋನಿನಲ್ಲಿ ಒಂದು ಹೊಸ ಸಂಭಾಷಣೆ ನಡೆಯುವುದುಂಟು. “ಅಪ್ಪಯ್ಯ, ಈ ಸಲ ನಿಮಗೂ ಅಮ್ಮಂಗೂ ಬಿಸಿನೆಸ್ ಕ್ಲಾಸು. ಮಲಗಿಕೊಂಡೇ ಬರಬಹುದು” ಎಂದು ಮಗ ಹೇಳುತ್ತಾನೆ. “ಅಷ್ಟು ದುಡ್ಡು ಯಾಕೆ ಸುರೀತೀಯ ಮಾರಾಯ?” ಎಂದು ತಂದೆ ಕೇಳುತ್ತಾನೆ. “ದುಡ್ಡಲ್ಲ ಅಪ್ಪಯ್ಯ, ಪಾಯಿಂಟು ಇತ್ತು.” ತಂದೆ ಅಲ್ಲಿಗೆ ಸುಮ್ಮನಾದರೂ ಆತನ ಸಂಶಯ ಸುಮ್ಮನಾಗುವುದಿಲ್ಲ. ದುಡ್ಡಲ್ಲದೆಯೂ ದುಡ್ಡಿನ ಕೆಲಸವನ್ನು ಮಾಡುವ ಈ ಪದಾರ್ಥ ಯಾವುದು? ಅದನ್ನು ಗಳಿಸಿದವರು ಯಾರು? ಒಬ್ಬನು ಗಳಿಸಿದುದನ್ನು ಇನ್ನೊಬ್ಬನು ಭೋಗಿಸುವುದು ಯುಕ್ತವೆ? ಈ ಪ್ರಶ್ನೆಗಳನ್ನು ವಿಮಾನ ಸಂಸ್ಥೆಯ ನಿಯಮಾವಳಿಯೊಂದನ್ನೇ ಹಿಡಿದು ಬಗೆಹರಿಸಲಾಗದು; ಕರ್ಮವನ್ನೂ ಕರ್ಮಫಲವನ್ನೂ ಕುರಿತು ನಮ್ಮ ಹಿರಿಯರು ನಡೆಸಿದ ವಿಚಾರವೇ ಇಲ್ಲಿ ಹೆಚ್ಚು ನೆರವಾದೀತೆಂದು ತೋರುತ್ತದೆ.

ಪಾಯಿಂಟುಗಳ ಈ ಏರ್ಪಾಡಿನ ಹುಟ್ಟು ಸರಳವಾದುದು. 1978ರಲ್ಲಿ ಅಮೆರಿಕ ಸರ್ಕಾರವು ವಿಮಾನಯಾನದ ದರಗಳ ಮೇಲಿದ್ದ ನಿಯಂತ್ರಣವನ್ನು ಸಡಿಲಿಸುವ ಕಾಯಿದೆ ಮಾಡಿದ ಮೇಲೆ ಸಂಸ್ಥೆಗಳ ನಡುವೆ ಪೈಪೋಟಿ ಹೆಚ್ಚಿತು. ಬಂದ ಗಿರಾಕಿಯನ್ನು ಬಿಟ್ಟುಕೊಡದಿರುವ ಉಪಾಯವೊಂದು ಅವಶ್ಯವಾಯಿತು. 1981ರ ಮೇ ತಿಂಗಳ ಮೊದಲನೆಯ ದಿನ ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯು, ಹಾರಿದ ಮೈಲಿಗಳನ್ನು ಪ್ರಯಾಣಿಕನ ಹೆಸರಿನಲ್ಲಿ ಜಮಾ ಮಾಡಿ, ತುಂಬಿದಷ್ಟಕ್ಕೆ ಉಚಿತ ಪ್ರಯಾಣವನ್ನೋ ಮೇಲಿನ ದರ್ಜೆಯನ್ನೋ ಕೊಡುವ ಪದ್ಧತಿಯನ್ನು ಆರಂಭಿಸಿತು. ಉಳಿದವರೂ ಬೇಗನೆ ಹಿಂಬಾಲಿಸಿದರು. ವಿಮಾನವು ನೆಲ ಬಿಟ್ಟೊಡನೆ ಖಾಲಿ ಆಸನದ ಬೆಲೆ ಶೂನ್ಯವಾಗುವುದರಿಂದ, ಹೇಗೂ ಖಾಲಿ ಹೋಗಲಿದ್ದ ಆಸನವನ್ನು ಕೊಟ್ಟರೆ ಕೊಡುವವನಿಗೆ ನಷ್ಟ ಅಲ್ಪ, ಪಡೆಯುವವನಿಗೆ ಲಾಭ ಅಪಾರ. ಮುಂದೆ ಬ್ಯಾಂಕುಗಳು ಈ ಮೈಲಿಗಳನ್ನು ಸಗಟಾಗಿ ಕೊಂಡು ತಮ್ಮ ಕ್ರೆಡಿಟ್ ಕಾರ್ಡುದಾರರಿಗೆ ಹಂಚತೊಡಗಿದ ಮೇಲೆ, ವಿಮಾನವನ್ನೇ ಏರದವನೂ ದಿನಸಿ ಕೊಂಡು ಆಕಾಶದಲ್ಲಿ ಪುಣ್ಯವನ್ನು ಸಂಪಾದಿಸಬಲ್ಲವನಾದನು.

ಪುಣ್ಯವೆಂಬ ಮಾತನ್ನು ವಿನೋದಕ್ಕಾಗಿ ಹೇಳಿದುದಲ್ಲ. ಇಂದು ಮಾಡಿದ ಯಜ್ಞವು ಇಂದೇ ಮುಗಿದುಹೋಗುತ್ತದೆ, ಅದರ ಫಲವಾದ ಸ್ವರ್ಗವಾದರೋ ಎಷ್ಟೋ ಕಾಲದ ಮೇಲೆ ಬರುತ್ತದೆ; ಇವೆರಡರ ನಡುವಣ ಕಾಲವನ್ನು ದಾಟಿಸುವ ಸೇತುವೆ ಯಾವುದೆಂದು ಕೇಳಿಕೊಂಡ ಮೀಮಾಂಸಕರು ಅಪೂರ್ವವೆಂಬ ಅದೃಶ್ಯ ಶಕ್ತಿಯೊಂದನ್ನು ಒಪ್ಪಿದರು. ಕಣ್ಣಿಗೆ ಕಾಣದ ಆ ಅಪೂರ್ವವು ನಮ್ಮ ಕಾಲದಲ್ಲಿ ಅಂಕಿಗಳ ರೂಪವನ್ನು ತಾಳಿ ಮೊಬೈಲಿನ ಪರದೆಯ ಮೇಲೆ ಮೂಡಿದೆ. ಹೋದ ವರ್ಷದ ಹಾರಾಟ ಮುಗಿದಿದೆ, ಮುಂದಿನ ವರ್ಷದ ಶಯ್ಯೆ ಇನ್ನೂ ಬಂದಿಲ್ಲ. ನಡುವೆ ನಿಂತಿರುವುದು ಆ ಅಂಕಿ.

ಆದರೆ ಫಲ ಯಾರಿಗೆ ಸಲ್ಲಬೇಕು? ಶೃಂಗೇರಿಯ ಪರಂಪರೆಯು ವಿದ್ಯಾರಣ್ಯರ ಕೃತಿಯೆಂದು ಗೌರವಿಸುವ ಜೈಮಿನೀಯ ನ್ಯಾಯಮಾಲೆಯಂತಹ ಗ್ರಂಥಗಳು ಸಂಗ್ರಹಿಸಿ ಹೇಳುವ, ಮೀಮಾಂಸಾಸೂತ್ರಕಾರನಾದ ಜೈಮಿನಿಯ ಸಿದ್ಧಾಂತವು ಈ ವಿಷಯದಲ್ಲಿ ನಿಸ್ಸಂದಿಗ್ಧವಾದುದು. ಹೊಗೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ಆಹುತಿ ಹಾಕುವವನು ಋತ್ವಿಜನಾದರೂ, ದಕ್ಷಿಣೆಯಿಂದ ಆತನ ಶ್ರಮವನ್ನು ಕೊಂಡುಕೊಂಡವನು ಯಜಮಾನನಾದುದರಿಂದ, ಯಜ್ಞದ ಫಲ ಯಜಮಾನನದೇ. ಇದನ್ನು, ಕಂಪನಿಯ ಕೆಲಸಕ್ಕಾಗಿ ಹಾರಾಡಿ ಪಾಯಿಂಟು ಕೂಡಿಸಿದ ಎಂಜಿನಿಯರ್ ಮಗನಿಗೆ ಅನ್ವಯಿಸಿ ನೋಡೋಣ. ಟಿಕೆಟಿನ ಹಣ ಕೊಟ್ಟ ಯಜಮಾನನು ಕಂಪನಿ. ನಿದ್ದೆಗೆಟ್ಟು ಖಂಡದಿಂದ ಖಂಡಕ್ಕೆ ಹಾರಿ, ಸಂಬಳವೆಂಬ ದಕ್ಷಿಣೆ ಪಡೆದ ಋತ್ವಿಜನು ಈತ. ಪಾಯಿಂಟು ಮಾತ್ರ ಋತ್ವಿಜನ ಖಾತೆಗೆ! ಭಾರತ ಸರ್ಕಾರವು ತನ್ನ ನೌಕರರ ವಿಷಯದಲ್ಲಿ ಜೈಮಿನಿಯ ಪಕ್ಷವನ್ನೇ ಹಿಡಿದು, ಸರ್ಕಾರಿ ಪ್ರವಾಸದಿಂದ ಬಂದ ಮೈಲಿಗಳನ್ನು ಸರ್ಕಾರಿ ಪ್ರವಾಸಕ್ಕೇ ಉಪಯೋಗಿಸತಕ್ಕದ್ದೆಂದು ವಿಧಿಸಿದೆ. ಅಮೆರಿಕದ ತೆರಿಗೆ ಇಲಾಖೆಯಾದರೋ, ಕಚೇರಿಯ ಪ್ರಯಾಣದಲ್ಲಿ ಕೂಡಿಸಿದ ಮೈಲಿಗಳನ್ನು ನೌಕರನು ಸ್ವಂತಕ್ಕೆ ಬಳಸಿಕೊಂಡರೆ ಅದರ ಮೇಲೆ ತೆರಿಗೆ ಕೇಳುವುದಿಲ್ಲವೆಂದು 2002ರಲ್ಲಿ ಪ್ರಕಟಿಸಿ, ದೇಹದಂಡನೆ ಅನುಭವಿಸಿದವನ ಪಕ್ಷಕ್ಕೆ ವಾಲಿತು. ಇನ್ನು ಕಾರ್ಡಿನಿಂದ ಬಂದ ಪಾಯಿಂಟುಗಳ ಮಾತು: ಅವುಗಳ ಖರ್ಚಿನ ಒಂದು ಭಾಗ ಅಂಗಡಿಯವನು ಬ್ಯಾಂಕಿಗೆ ತೆರುವ ಶುಲ್ಕದಿಂದ ಬರುತ್ತದೆ; ಅಂಗಡಿಯವನು ಅದನ್ನು ಸರಕಿನ ಬೆಲೆಯಲ್ಲಿ ಸೇರಿಸಿದಾಗ, ಅದೇ ಅಂಗಡಿಯಲ್ಲಿ ನಗದು ಎಣಿಸಿ ಕೊಟ್ಟು ಅಕ್ಕಿ ಒಯ್ಯುವ ಬಡವನೂ ತಿಳಿಯದೆಯೇ ಇನ್ನೊಬ್ಬರ ಶಯ್ಯೆಗೆ ಒಂದೆಳೆ ನೂಲು ಕೊಟ್ಟಿರುತ್ತಾನೆ. ಹೀಗಿರಲಾಗಿ, ಇದು ನನ್ನ ಗಳಿಕೆಯೆಂದು ಎದೆ ತಟ್ಟಿ ಹೇಳಬಲ್ಲವರು ಯಾರು?

ಫಲವನ್ನು ಕೊಡುವವರು ಯಾರೆಂಬ ಪ್ರಶ್ನೆಯೂ ಹಳೆಯದೇ. ಧರ್ಮವೇ ತನ್ನ ಫಲವನ್ನು ತಾನೇ ಕೊಡುತ್ತದೆಂದು ಜೈಮಿನಿ. ಅಚೇತನವಾದ ಕರ್ಮಕ್ಕೆ ಆ ಸಾಮರ್ಥ್ಯವಿಲ್ಲ, ಈಶ್ವರನೇ ಫಲದಾತನೆಂದು ಬಾದರಾಯಣ. ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದಲ್ಲಿ ಈ ವಿವಾದವಿದೆ, ಶಂಕರರು ಬಾದರಾಯಣನ ಪಕ್ಷವನ್ನು ಸಮರ್ಥಿಸಿದರು. ಪಾಯಿಂಟುಗಳ ಲೋಕದಲ್ಲಿಯೂ ಗೆಲ್ಲುವುದು ಬಾದರಾಯಣನೇ. ಅಂಕಿ ತನ್ನಷ್ಟಕ್ಕೆ ಏನನ್ನೂ ಕೊಡಲಾರದು. ಸಂಸ್ಥೆ ಕೊಟ್ಟರೆ ಉಂಟು, ಇಲ್ಲವಾದರೆ ಇಲ್ಲ. ಆದರೆ ವೇದಾಂತದ ಈಶ್ವರನು ಜೀವರ ಕರ್ಮವನ್ನು ಅನುಸರಿಸಿಯೇ ಫಲ ಕೊಡುವವನಾದುದರಿಂದ ಆತನಲ್ಲಿ ಪಕ್ಷಪಾತವಾಗಲಿ ಕ್ರೌರ್ಯವಾಗಲಿ ಇಲ್ಲ. ವಿಮಾನ ಸಂಸ್ಥೆಗೆ ಅಂತಹ ಕಟ್ಟು ಯಾವುದೂ ಇಲ್ಲ. ನಿನ್ನೆ ಇಷ್ಟು ಪಾಯಿಂಟಿಗೆ ದೊರೆಯುತ್ತಿದ್ದ ಆಸನಕ್ಕೆ ನಾಳೆ ಅದರ ಇಮ್ಮಡಿ ಕೇಳಬಹುದು. 2015ರಲ್ಲಿ ಡೆಲ್ಟಾ ಮತ್ತು ಯುನೈಟೆಡ್ ಸಂಸ್ಥೆಗಳು ಹಾರಿದ ದೂರದ ಬದಲು ಕೊಟ್ಟ ಹಣವನ್ನು ಎಣಿಸತೊಡಗಿದಾಗ ಆದ ಪಲ್ಲಟವನ್ನು ಗಮನಿಸಬೇಕು: ಅದುವರೆಗೆ ದೇಹ ಸವೆಸಿದವನಿಗೆ, ಎಂದರೆ ತಪಸ್ವಿಗೆ, ಸಲ್ಲುತ್ತಿದ್ದ ಪುಣ್ಯವು ಅಂದಿನಿಂದ ದಕ್ಷಿಣೆ ಸುರಿದವನಿಗೆ ಸಲ್ಲತೊಡಗಿತು.

ಪುಣ್ಯವು ತೀರಿದೊಡನೆ ಸ್ವರ್ಗದಿಂದ ಮರ್ತ್ಯಲೋಕಕ್ಕೆ ಬೀಳಬೇಕಾಗುವುದೆಂದು ಭಗವದ್ಗೀತೆಯ ಒಂಬತ್ತನೆಯ ಅಧ್ಯಾಯ ಎಚ್ಚರಿಸುತ್ತದೆ. ಇದರ ವಿಪರ್ಯಾಸವನ್ನು ಕಂಡ ನಗರ ಬೆಂಗಳೂರು. ಅಲ್ಲಿ ನೆಲೆಸಿದ್ದ ಕಿಂಗ್‌ಫಿಶರ್ ಸಂಸ್ಥೆಯ ಪರವಾನಗಿ 2012ರ ಅಕ್ಟೋಬರಿನಲ್ಲಿ ಅಮಾನತಾದಾಗ, ಅದರ ಕಿಂಗ್ ಕ್ಲಬ್ ಸದಸ್ಯರ ಖಾತೆಗಳಲ್ಲಿ ಪುಣ್ಯವಿತ್ತು, ಸ್ವರ್ಗವೇ ಇರಲಿಲ್ಲ. ಪುರಾಣಕಾರರು ಸ್ವರ್ಗಸ್ಥನ ಪತನವನ್ನು ಕಲ್ಪಿಸಿದ್ದರೇ ಹೊರತು ಸ್ವರ್ಗಕ್ಕೇ ಬೀಗ ಬೀಳುವುದನ್ನು ಕಲ್ಪಿಸಿದಂತೆ ಕಾಣೆ. ಕೂಡಿಟ್ಟ ಫಲ ಅನಿತ್ಯವೆಂಬುದಕ್ಕೆ ಇದಕ್ಕಿಂತ ಬೇರೆ ಭಾಷ್ಯ ಬೇಕೆ?

ಇನ್ನು ತಂದೆಯ ಮೂರನೆಯ ಪ್ರಶ್ನೆ. ಒಬ್ಬನ ಪುಣ್ಯದಿಂದ ಇನ್ನೊಬ್ಬನು ಏರಬಹುದೆ? ಮಹಾಭಾರತದಲ್ಲಿ ಯಯಾತಿಯ ಪತನದ ಕಥೆ ಎರಡು ಕಡೆ ಬರುತ್ತದೆ. ಆದಿಪರ್ವದಲ್ಲಿ, ತಪಸ್ಸಿನಲ್ಲಿ ತನಗೆ ಸಮಾನರು ಯಾವ ಲೋಕದಲ್ಲಿಯೂ ಇಲ್ಲವೆಂದು ಇಂದ್ರನೆದುರು ನುಡಿದು ಬಿದ್ದ ಯಯಾತಿಗೆ, ಆತನ ಮಗಳ ಮಕ್ಕಳಾದ ಅಷ್ಟಕ, ಪ್ರತರ್ದನ, ವಸುಮನಸ್ಸು, ಶಿಬಿ ಎಂಬ ನಾಲ್ವರು ತಂತಮ್ಮ ಪುಣ್ಯಲೋಕಗಳನ್ನು ಕೊಡಮಾಡಿದರೂ, ತಾನು ಗಳಿಸದುದನ್ನು ಕ್ಷತ್ರಿಯನಾದ ತಾನು ಸ್ವೀಕರಿಸಲಾರೆನೆಂದು ಆತನು ನಿರಾಕರಿಸುತ್ತಾನೆ. ಉದ್ಯೋಗಪರ್ವದಲ್ಲಿಯಾದರೋ, ಮಗಳಾದ ಮಾಧವಿಯು ತನ್ನ ಪುಣ್ಯದ ಅರ್ಧವನ್ನು ಕೊಡುತ್ತಾಳೆ, ಮೊಮ್ಮಕ್ಕಳೂ ಕೊಡುತ್ತಾರೆ, ಯಯಾತಿಯು ಮೊದಲು ಹಿಂಜರಿದರೂ ಕೊನೆಗೆ ಅದನ್ನು ಸ್ವೀಕರಿಸಿ ಮತ್ತೆ ಮೇಲೇರುತ್ತಾನೆ. ಹಿಂದೆ ಮುಪ್ಪು ಬಂದೆರಗಿದಾಗ ಮಗನ ಯೌವನವನ್ನೇ ಬೇಡಿ ಪಡೆದ ರಾಜನು, ಸ್ವರ್ಗದಿಂದ ಬಿದ್ದಾಗ ತನ್ನ ಸಂತತಿಯ ಪುಣ್ಯವನ್ನು ಪಡೆಯಲು ಒಲ್ಲೆನೆಂದದ್ದು ಒಂದು ಕಡೆ, ಒಪ್ಪಿದುದು ಇನ್ನೊಂದು ಕಡೆ. ಎರಡು ಕಥನಗಳಲ್ಲಿ ಭೇದ ಮುಖ್ಯವಾಗಿ ಸ್ವೀಕಾರದ ವಿಷಯದಲ್ಲಿ. ಬಿದ್ದುದಕ್ಕೆ ಕಾರಣ ಎರಡರಲ್ಲಿಯೂ ಒಂದೇ. ಅವನನ್ನು ಕೆಡವಿದುದು ಸ್ವರ್ಗಸುಖವಲ್ಲ. ಆ ಸುಖಕ್ಕೆ ನನ್ನಷ್ಟು ಅರ್ಹರಿಲ್ಲವೆಂಬ ಗಣನೆ.

ದೇಹಕ್ಕೆ ಕಷ್ಟ ಕೊಟ್ಟಷ್ಟೂ ಶ್ರೇಯಸ್ಸೆಂಬ ಇನ್ನೊಂದು ಆಕ್ಷೇಪವಿದೆ. ತೀರ್ಥಯಾತ್ರೆಯ ವಿಧಿಗಳನ್ನು ಕಲೆಹಾಕಿದ ನಿಬಂಧಕಾರರು ವಾಹನವೇರಿ ಹೋದವನಿಗೆ ಫಲದ ಅರ್ಧವೇ ಹೋಯಿತೆಂದರು. ಆದರೆ ಬಾಣಂತಿ ಮಗಳ ಆರೈಕೆಗೆ ಹೋಗುವ ತಾಯಿ ತೀರ್ಥಫಲವನ್ನು ಅರಸಿ ಹೋಗುವವಳಲ್ಲ. ಅವಳು ಅಲ್ಲಿ ತಲುಪಿದ ಮರುದಿನವೇ ಅಡುಗೆಮನೆಯಲ್ಲಿ ನಿಲ್ಲಬೇಕಾದವಳು. ಯುಕ್ತವಾದ ಆಹಾರ, ಯುಕ್ತವಾದ ನಿದ್ರೆ ಇಲ್ಲದವನಿಗೆ ಯೋಗವೇ ಇಲ್ಲವೆಂದು ಗೀತಾಚಾರ್ಯನ ಮತ. ಶೃಂಗೇರಿಯಲ್ಲಿ ತುಂಗೆಯ ದಡದಲ್ಲಿ ಇಂದಿಗೂ ತೋರಿಸುವ ಕಪ್ಪೆಶಂಕರದ ಐತಿಹ್ಯವಾದರೂ ಏನನ್ನು ಹೇಳುತ್ತದೆ? ಬಿಸಿಲಿನಲ್ಲಿ ಪ್ರಸವವೇದನೆ ಪಡುತ್ತಿದ್ದ ಕಪ್ಪೆಗೆ ಅದರ ಸಹಜವೈರಿಯಾದ ಸರ್ಪವು ಹೆಡೆಯೆತ್ತಿ ನೆರಳು ಮಾಡಿದುದನ್ನು ಕಂಡು, ಶಂಕರಾಚಾರ್ಯರು ಆ ನೆಲವನ್ನು ಪೀಠಕ್ಕೆ ಯೋಗ್ಯವೆಂದು ಆರಿಸಿದರಂತೆ. ಜ್ಞಾನಪೀಠದ ಮೂಲದಲ್ಲಿರುವುದು ನೊಂದ ದೇಹವೊಂದಕ್ಕೆ ದೊರೆತ ಉಪಶಮನ. ಆ ಕಪ್ಪೆಯ ಅರ್ಹತೆಯನ್ನು ಐತಿಹ್ಯವು ವಿಚಾರಿಸಿಲ್ಲ.

ಪಾಯಿಂಟೂ ಬೇಡದ, ದುಡ್ಡೂ ಬೇಡದ ಒಂದು ಸೌಕರ್ಯದಲ್ಲಿ ಅರ್ಹತೆಯ ಈ ವಿಚಾರ ಪರೀಕ್ಷೆಗೆ ಒಳಗಾಗುತ್ತದೆ. ಅಮೆರಿಕದ ಕಡೆಗೆ ಹೊರಡುವ ವಿಮಾನದ ಬಾಗಿಲ ಬಳಿ ಗಾಲಿಕುರ್ಚಿಗಳ ಸಾಲೊಂದು ನಿಂತಿರುವುದನ್ನು ಅನೇಕರು ನೋಡಿದ್ದಾರೆ. ನಡೆಯಲಾರದವರು ಅದರಲ್ಲಿದ್ದಾರೆ, ನಡೆಯಬಲ್ಲವರಾದರೂ ಇಂಗ್ಲಿಷು ಬಾರದೆ, ಇಮಿಗ್ರೇಷನ್ ಅಧಿಕಾರಿಯ ಪ್ರಶ್ನೆಗೆ ಹೆದರಿ, ಮಕ್ಕಳ ಒತ್ತಾಯಕ್ಕೆ ಕುರ್ಚಿ ಹಿಡಿದವರೂ ಇದ್ದಾರೆ. ಅಂಜಿಕೆಯೂ ಒಂದು ಅಶಕ್ತಿಯೇ ಆದುದರಿಂದ ಇವರನ್ನು ದೂಷಿಸಲು ಮನಸ್ಸು ಬಾರದು. ಆದರೂ ಕುರ್ಚಿ ಸಾಲದೆ ಬಂದಾಗ ಕಾಯಬೇಕಾದವನು ನಿಜವಾಗಿ ಕಾಲಿಲ್ಲದವನು. ಇನ್ನು ಕುರ್ಚಿ ತಳ್ಳುವ ಹುಡುಗ: ಉದ್ದದ ಹಜಾರಗಳನ್ನು ದಿನವಿಡೀ ಅತ್ತಿಂದಿತ್ತ ಅಳೆಯುವ ಆತನ ಮೈಲಿಗಳನ್ನು ಯಾವ ಸಂಸ್ಥೆಯೂ ಯಾವ ಖಾತೆಗೂ ಜಮಾ ಮಾಡುವುದಿಲ್ಲ. ಒಬ್ಬರ ಸುಖದ ಲೆಕ್ಕವು ಎಲ್ಲಿ ಮುಗಿಯಿತೆಂದು ಭಾವಿಸುತ್ತೇವೋ ಅಲ್ಲಿಂದಾಚೆಗೆ ಇಂತಹ ಲೆಕ್ಕಕ್ಕೆ ಬಾರದ ಶ್ರಮ ಬಹಳವಿದೆ.

ಈ ಎಲ್ಲ ವಿಚಾರದಿಂದ ಏರ್ಪಡುವ ನಿರ್ಣಯವು ಕಠಿನವಾದುದಲ್ಲ. ಪಾಯಿಂಟಿಗಾಗಿಯೇ ಬೇಡದ ಪ್ರಯಾಣ ಮಾಡುವುದೂ, ಬೇಡದ ಸರಕು ಕೊಳ್ಳುವುದೂ, ಸ್ವರ್ಗಕಾಮನೆಯಿಂದ ಮನೆಯನ್ನೇ ಯಜ್ಞಕ್ಕೆ ಸುರಿದಂತೆ ವ್ಯರ್ಥ. ಪಾಯಿಂಟು ತಾನಾಗಿ ಕೂಡಿದ್ದರೆ, ಅದು ಕೊಡುವವನ ಇಚ್ಛೆಗೆ ಅಧೀನವಾದುದೆಂದೂ ಅವಧಿಯುಳ್ಳದ್ದೆಂದೂ ತಿಳಿದು, ನಲವತ್ತರ ತನ್ನ ಬೆನ್ನಿಗೆ ಬಳಸುವ ಮೊದಲು ಎಪ್ಪತ್ತರ ಬೆನ್ನುಗಳು ಯಾವುವೆಂದು ನೋಡಿ ಕೊಡುವುದು ಮಕ್ಕಳಿಗೆ ಶೋಭೆ. ಫಲಾಪೇಕ್ಷೆಯನ್ನು ಬಿಟ್ಟ ಕರ್ಮದಿಂದ ಚಿತ್ತಶುದ್ಧಿಯಾಗುತ್ತದೆಂದು ಶಂಕರರು ಹೇಳಿದ ಮಾತು ಈ ಅಲ್ಪ ತ್ಯಾಗಕ್ಕೂ ಸ್ವಲ್ಪಮಟ್ಟಿಗೆ ಅನ್ವಯಿಸೀತು. ಹಿರಿಯರಾದರೋ ಉದ್ಯೋಗಪರ್ವದ ಯಯಾತಿಯಂತೆ ಮಕ್ಕಳು ಕೊಟ್ಟುದನ್ನು ಸಂಕೋಚ ಬಿಟ್ಟು ಸ್ವೀಕರಿಸಿ ನಿದ್ದೆ ಮಾಡಲಿ. ಎಚ್ಚರವಾದಾಗ, ಪರದೆಯ ಆಚೆ ಮೊಣಕಾಲು ಮಡಚಿ ಕುಳಿತಿರುವವರಿಗಿಂತ ತಾವು ಯಾವುದರಲ್ಲಿಯೂ ಹೆಚ್ಚಿನವರಲ್ಲವೆಂಬುದು ಮನಸ್ಸಿನಲ್ಲಿರಲಿ. ಸ್ವರ್ಗದಲ್ಲಿ ಉಳಿದುಕೊಳ್ಳಲು ಯಯಾತಿಗೆ ಅಗತ್ಯವಾಗಿದ್ದ ತಿಳಿವಳಿಕೆ ಅಷ್ಟೇ; ಅದಿಲ್ಲದೆ ಅವನ ಸಾವಿರ ಯಜ್ಞಗಳೂ ಅವನನ್ನು ಹಿಡಿದು ನಿಲ್ಲಿಸಲಿಲ್ಲ.