ಬಚ್ಚಿಟ್ಟರೆ ಸುಳ್ಳೇ?

ಪದಬಂಧ ಬಿಡಿಸುವಾಗ ನನಗೊಂದು ಪ್ರಶ್ನೆ ಏಳುತ್ತದೆ: ಸುಳಿವು ಕೊಡುವವರು ಬೇಕೆಂದೇ ನಮ್ಮ ದಾರಿ ತಪ್ಪಿಸುತ್ತಾರಲ್ಲ, ಅದು ಸುಳ್ಳಲ್ಲವೇ?

1913ರ ಡಿಸೆಂಬರ್ 21ರಂದು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ಆರ್ಥರ್ ವಿನ್ ಪ್ರಕಟಿಸಿದ ಮೊದಲ ಪದಬಂಧದ ಸುಳಿವುಗಳು ನೇರವಾಗಿದ್ದವು. ಗೂಢ ಸುಳಿವುಗಳನ್ನು ಬೆಳೆಸಿದವರು ಇಂಗ್ಲೆಂಡಿನವರು. 'ದಿ ಹಿಂದೂ'ವಿನಲ್ಲಿ 1971ರಿಂದ ಪದಬಂಧ ಬರುತ್ತಿದೆ. ಬಸವನಗುಡಿಯ ನಮ್ಮ ಮನೆಯಲ್ಲಿ ಬೆಳಗಿನ ಕಾಫಿಯ ಜೊತೆ ಅದೂ ಇರಲೇಬೇಕು.

ಕನ್ನಡದಲ್ಲಿ ನಾನೇ ಒಂದು ಸುಳಿವು ಕೊಡುತ್ತೇನೆ: 'ಹಿಂದುಮುಂದು ನೋಡಿದರೂ ಚಿನ್ನವೇ, ಮೂರಕ್ಷರ.' ಒಡವೆ ಅಂಗಡಿಯಲ್ಲಿ ಕೊಳ್ಳಲೋ ಬೇಡವೋ ಎನ್ನುವ ಹೆಂಗಸು ಕಣ್ಣಿಗೆ ಬಂದಳೇ? ಉತ್ತರ 'ಕನಕ'. ಎತ್ತಲಿಂದ ಓದಿದರೂ ಅದೇ. ಉತ್ತರವನ್ನು ಮರೆಸಿದೆ ನಿಜ, ಆದರೆ ಬೇಕಾದುದೆಲ್ಲ ಆ ಸಾಲಿನಲ್ಲೇ ಇತ್ತು. ನಿಮಗೆ ಹೊಳೆಯಲಿ ಎಂಬುದೇ ನನ್ನ ಆಸೆಯೂ ಆಗಿತ್ತು.

ಮನೆಗಳಲ್ಲಿ ಮುಚ್ಚಿಡುವ ರೀತಿ ಬೇರೆ. ಚಾಮರಾಜಪೇಟೆಯಲ್ಲಿದ್ದ ನಮ್ಮ ಚಿಕ್ಕಮ್ಮನಿಗೆ ಕ್ಯಾನ್ಸರ್ ಎಂದು ಮಕ್ಕಳು ಕೊನೆಯವರೆಗೂ ಹೇಳಲಿಲ್ಲ. 'ಸುಳ್ಳೇನೂ ಹೇಳಲಿಲ್ಲವಲ್ಲ, ಮುಚ್ಚಿಟ್ಟೆವು ಅಷ್ಟೆ' ಎನ್ನುತ್ತಾರೆ. ಪ್ರೀತಿಯಿಂದಲೇ ಮಾಡಿದ್ದು. ಆದರೆ ಆಕೆ ಕೇಳಿದಾಗಲೆಲ್ಲ ಮಾತು ಬದಲಿಸಿದರು. ರಿಪೋರ್ಟುಗಳನ್ನು ಬೀರುವಿಗೆ ಸೇರಿಸಿ ಬೀಗ ಹಾಕಿದರು. ಉಳಿದ ದಿನಗಳಲ್ಲಿ ಯಾರನ್ನು ನೋಡಬೇಕು, ಯಾರಿಗೆ ಏನು ಕೊಡಬೇಕು ಎಂದು ತೀರ್ಮಾನಿಸಬೇಕಾದವಳು ಆಕೆಯೇ ಅಲ್ಲವೇ?

ಬಚ್ಚಿಟ್ಟದ್ದು ಸಿಗಲಿ ಎಂದು ಬಯಸಿದರೆ ಅದು ಆಟ. ಎಂದೂ ಸಿಗಬಾರದೆಂದು ಬಯಸಿದರೆ, ಬಾಯಲ್ಲಿ ಒಂದೂ ಸುಳ್ಳು ಬರದಿದ್ದರೂ, ಅದು ಸುಳ್ಳೇ. ಹಾಸಿಗೆ ಹಿಡಿದವರು ತಾವಾಗಿ ಕೇಳಿದರೆ ಒಂದು ಸುಳಿವನ್ನಾದರೂ ಕೊಡಬೇಕು.