ಮಾತು, ಪತ್ರ ಮತ್ತು ಸತ್ಯಾಣುವ್ರತ

ಸತ್ಯಾಣುವ್ರತವನ್ನು ಸ್ವೀಕರಿಸಿದ ಶ್ರಾವಕನು ಸಾಧರ್ಮಿಯೊಡನೆ ಕೂಡಿ ಭೂಮಿಗೆ ಹಣ ಹೂಡುವಾಗ ಬರಹದ ಕರಾರನ್ನು ಕೇಳಬಹುದೇ? ಬಸದಿಯಲ್ಲಿ ಜೊತೆಗೆ ಕುಳಿತು ಪೂಜೆ ಮಾಡುವವರ ನಡುವೆ ಕಾಗದವೇಕೆ ಎಂಬ ಮಾತು ಕೇಳಲು ಹಿತವಾಗಿದೆ. ಶಾಸ್ತ್ರದೃಷ್ಟಿಯಿಂದ ನೋಡಿದರೆ ಅದು ಅಷ್ಟು ನಿರ್ದೋಷವಲ್ಲ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿದ ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ಬಹು ಸೂಕ್ಷ್ಮವಾಗಿ ವಿವರಿಸಿದ್ದಾರೆ. ದ್ರವ್ಯವನ್ನು ನಂಬಿ ಇಟ್ಟವನು ಸಂಖ್ಯೆಯನ್ನು ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ಹಾಗೆಯೇ ಆಗಲೆಂದು ಒಪ್ಪಿಬಿಡುವುದೇ ಈ ದೋಷ. ಇಲ್ಲಿ ಸುಳ್ಳನ್ನು ಕಟ್ಟಿ ಹೇಳಿದವರು ಯಾರೂ ಇಲ್ಲ. ಒಬ್ಬನ ಮರೆವು, ಇನ್ನೊಬ್ಬನ ಅನುಮತಿ. ಅಷ್ಟರಿಂದಲೇ ವ್ರತಕ್ಕೆ ಕಲೆ ತಗಲುತ್ತದೆ.

ಇಬ್ಬರು ಸಾಧರ್ಮಿಗಳು ಕೂಡಿ ಊರಂಚಿನಲ್ಲಿ ಒಂದು ನಿವೇಶನ ಕೊಂಡರೆನ್ನೋಣ. ಅನುಕೂಲಕ್ಕೆಂದು ಕ್ರಯಪತ್ರ ಒಬ್ಬನ ಹೆಸರಿಗಾಯಿತು. ಮತ್ತೊಬ್ಬನ ಪಾಲು ಬಾಯಿಮಾತಿನಲ್ಲಿ ಉಳಿಯಿತು. 15 ವರ್ಷಗಳಲ್ಲಿ ಬೆಲೆ ಹತ್ತು ಪಟ್ಟಾಯಿತು. ಹಣ ಕೊಟ್ಟಿದ್ದವನು ತೀರಿಕೊಂಡನು. ಏನೋ ಒಂದಷ್ಟು ಕೈಗಡ ಕೊಟ್ಟಿದ್ದರೆಂದು ಮಾತ್ರ ಬಲ್ಲ ಆತನ ಮಡದಿ, ಮಗಳ ಮದುವೆಗೆಂದು ಅಸಲನ್ನಷ್ಟೇ ಕೇಳಿಕೊಂಡು ಬರುತ್ತಾಳೆ. ಉಳಿದವನು "ಆಗಲಿ ತಾಯಿ" ಎಂದು ಅಸಲನ್ನು ಎಣಿಸಿಕೊಟ್ಟರೆ ಊರು ಅವನನ್ನು ಹೊಗಳುತ್ತದೆ. ಪೂಜ್ಯಪಾದರ ವಿವರಣೆಯಂತೆ ಅವನು ವ್ರತದಿಂದ ಜಾರಿದ್ದಾನೆ. ಮಿತ್ರನನ್ನು ಇಂತಹ ಪ್ರಲೋಭನಕ್ಕೆ ಒಡ್ಡದಿರುವುದೂ ವಾತ್ಸಲ್ಯವೇ. ಪತ್ರ ಕೇಳುವವನು ಅವಿಶ್ವಾಸಿಯೆಂಬುದು ಅವಸರದ ತೀರ್ಮಾನ.

ಶ್ರವಣಬೆಳಗೊಳದಲ್ಲಿ ಇದಕ್ಕೆ ದೊಡ್ಡ ನಿದರ್ಶನವಿದೆ. 1368ರಲ್ಲಿ ಬುಕ್ಕರಾಯನು ಜೈನರಿಗೂ ಶ್ರೀವೈಷ್ಣವರಿಗೂ ಮಾಡಿಸಿದ ಒಡಂಬಡಿಕೆಯನ್ನು ಕೈಹಿಡಿಸಿ ಹೇಳಿ ಬಿಡಲಿಲ್ಲ, ಕಲ್ಲಿನಲ್ಲಿ ಕೆತ್ತಿಸಲಾಯಿತು. ಮುಂದಿನ ತಲೆಮಾರು ಆ ಸಭೆಯಲ್ಲಿ ಇರಲಿಲ್ಲವಷ್ಟೆ!

ಲೌಕಿಕ ಕಾನೂನೂ ಬಾಯಿಮಾತಿಗೆ ಹೆಚ್ಚು ಎಡೆಗೊಡದು. 1882ರ ಸ್ವತ್ತು ವರ್ಗಾವಣೆ ಅಧಿನಿಯಮದಂತೆ ಕ್ರಯದ ಕರಾರು ಮಾತ್ರದಿಂದ ಸ್ಥಿರಸ್ವತ್ತಿನಲ್ಲಿ ಹಕ್ಕು ಹುಟ್ಟದು. ನೂರು ರೂಪಾಯಿಗೆ ಮೇಲ್ಪಟ್ಟ ಸ್ವತ್ತಿನ ಕ್ರಯಕ್ಕೆ ನೋಂದಾಯಿತ ಪತ್ರ ಬೇಕು. 1988ರ ಬೇನಾಮಿ ಕಾನೂನು, ಕೆಲವು ವಿನಾಯಿತಿಗಳ ಹೊರತು, ಪರರ ಹೆಸರಿನಲ್ಲಿ ಕೊಂಡವನ ದಾವೆಯ ಬಾಗಿಲನ್ನೇ ಮುಚ್ಚುತ್ತದೆ. ಆದುದರಿಂದ ಇಬ್ಬರ ಹೆಸರೂ ಪಾಲೂ ಕ್ರಯಪತ್ರದಲ್ಲಿಯೇ ಇರಬೇಕು. ಮಾರಾಟಕ್ಕೆ ಇಬ್ಬರ ಒಪ್ಪಿಗೆ ಬೇಕೇ, ಒಬ್ಬನು ಕಾಲವಾದರೆ ಲೆಕ್ಕವನ್ನು ಯಾರಿಗೆ ಒಪ್ಪಿಸಬೇಕು ಎಂಬುದನ್ನು ಬೇರೆ ಕರಾರಿನಲ್ಲಿ ಬರೆದು, ಎರಡೂ ಮನೆಯವರಿಗೆ ಓದಿ ಹೇಳಬೇಕು.

ಬರೆದ ಮಾತ್ರಕ್ಕೆ ಎಲ್ಲವೂ ಶುದ್ಧವಾಗದು. ಮುದ್ರಾಂಕ ಶುಲ್ಕ ಉಳಿಸಲು ಕೊಟ್ಟ ಬೆಲೆಗಿಂತ ಕಡಿಮೆ ಬರೆಯಿಸುವ ರೂಢಿಯಿದೆ. ಎಲ್ಲರೂ ಮಾಡುತ್ತಾರೆಂಬ ಸಮಾಧಾನ ಅದಕ್ಕೆ ಸಲ್ಲದು. ಅದು ಕೂಟಲೇಖಕ್ರಿಯೆಯೆಂಬ ಮತ್ತೊಂದು ಅತಿಚಾರದ ಸಾಲಿಗೇ ಸೇರುತ್ತದೆ.

ಪರಿಗ್ರಹಪರಿಮಾಣ ವ್ರತದಲ್ಲಿ ಕ್ಷೇತ್ರ, ವಾಸ್ತು ಎಂದರೆ ಹೊಲ, ಮನೆಗಳಿಗೇ ಮೊದಲ ಎಣಿಕೆ. ಐದು ಎಕರೆಯ ಮಿತಿ ತೊಟ್ಟವನು ಆರನೆಯದನ್ನು ಸೋದರಳಿಯನ ಹೆಸರಿನಲ್ಲಿ ಇರಿಸಿ, ಫಲವನ್ನು ತಾನು ಉಣ್ಣುತ್ತಿದ್ದರೆ ದಶಲಕ್ಷಣದ ಉಪವಾಸ ಆ ಎಕರೆಯನ್ನು ಕರಗಿಸದು. ಅವನು ಅದನ್ನು ಅಳಿಯನಿಗೇ ಪೂರ್ಣವಾಗಿ ಬಿಡಲಿ, ಬಿಟ್ಟೆನೆಂಬುದನ್ನು ಬರೆದೂ ಕೊಡಲಿ.