ಪೀಠವನ್ನು ಬಿಡುವುದು, ಪೀಠದಲ್ಲಿ ಉಳಿಯುವುದು

ಕುರುಸಭೆಯಲ್ಲಿ ದ್ರೌಪದಿ ಕೇಳಿದ್ದು ಕಾನೂನಿನ ಪ್ರಶ್ನೆ: ತನ್ನನ್ನೇ ಸೋತವನಿಗೆ ಹೆಂಡತಿಯನ್ನು ಪಣವಾಗಿಡುವ ಅಧಿಕಾರವೆಲ್ಲಿ? ಉತ್ತರ ಕೊಡಬೇಕಾಗಿದ್ದ ಭೀಷ್ಮರು ಆಸನದಲ್ಲಿ ಉಳಿದರು, ಆದರೆ ತೀರ್ಪನ್ನು ನುಂಗಿಕೊಂಡರು. ಮುಂದೊಂದು ದಿನ ಅದೇ ಸಭೆಯಿಂದ ವಿದುರನು ಬಿಲ್ಲು ಮುರಿದು ಹೊರನಡೆದ. ಅಧಿಕಾರವು ದಾರಿ ತಪ್ಪಿದಾಗ ನ್ಯಾಯ ಹೇಳುವವನು ಎದ್ದು ಹೋಗಬೇಕೇ, ಕುಳಿತೇ ಇರಬೇಕೇ ಎಂಬ ಪ್ರಶ್ನೆ ಹೀಗೆ ಬಹಳ ಹಳೆಯದು.

ನಮ್ಮ ನಾಡಿನಲ್ಲೇ ಇದಕ್ಕೆ ಒಂದು ನಿದರ್ಶನವುಂಟು. ಕಾರ್ಕಳ ತಾಲೂಕಿನ ಕೌಡೂರಿನ ಕೆ. ಎಸ್. ಹೆಗ್ಡೆಯವರು 1952ರಿಂದ ರಾಜ್ಯಸಭೆಯ ಸದಸ್ಯರಾಗಿದ್ದವರು; 1957ರಲ್ಲಿ ಮೈಸೂರು ಹೈಕೋರ್ಟಿನ ನ್ಯಾಯಾಧೀಶರಾದರು. 1966ರಲ್ಲಿ ದೆಹಲಿ ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಾಧೀಶರಾಗಿ, ಮರುವರ್ಷ ಸುಪ್ರೀಂ ಕೋರ್ಟಿಗೆ ಹೋದರು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಮೊಕದ್ದಮೆಯಲ್ಲಿ 1973ರ ಏಪ್ರಿಲ್ 24ರಂದು ತೀರ್ಪು ಬಂದಿತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸಲಾಗದು ಎಂದು ಹದಿಮೂವರಲ್ಲಿ ಏಳು ಮಂದಿ ಹೇಳಿದರು. ಹೆಗ್ಡೆಯವರು ಆ ಏಳರಲ್ಲಿ ಒಬ್ಬರು. ಅದರ ಬೆನ್ನಲ್ಲೇ ಸರಕಾರವು ಶೇಲತ್, ಹೆಗ್ಡೆ, ಗ್ರೋವರ್ ಈ ಮೂವರು ಹಿರಿಯರನ್ನು ದಾಟಿ, ಅಲ್ಪಮತದಲ್ಲಿದ್ದ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟರು.

ಇದು ಬರಿಯ ಅಭಿಮಾನದ ಮಾತೆಂದು ಕೆಲವರು ಹೇಳಬಹುದು. ಒಳ್ಳೆಯವರು ಎದ್ದು ಹೋದರೆ ಸರಕಾರಕ್ಕೆ ಬೇಕಾದದ್ದೇ ಆಯಿತಲ್ಲ ಎಂಬ ಆಕ್ಷೇಪವೂ ತೂಕವುಳ್ಳದ್ದೇ. ಹೆಗ್ಡೆಯವರಿಗೆ ಇನ್ನೂ ಒಂದು ವರ್ಷಕ್ಕೆ ಮೀರಿದ ಸೇವೆ ಇತ್ತು. ಆ ಅವಧಿಯಲ್ಲಿ ಅವರ ಮುಂದೆ ಬರಬಹುದಾಗಿದ್ದ ಕಕ್ಷಿದಾರರಿಗೆ ಅದು ನಷ್ಟವೇ ಸರಿ.

ಇದಕ್ಕೆ ಎದುರಾಗಿ ತುರ್ತುಪರಿಸ್ಥಿತಿಯ ದಿನಗಳನ್ನು ನೋಡೋಣ. ವಿಚಾರಣೆಯಿಲ್ಲದೆ ಬಂಧಿತರಾದವರ ಅರ್ಜಿಯನ್ನು ಕೇಳಬಹುದು ಎಂದ ಹೈಕೋರ್ಟುಗಳಲ್ಲಿ ಕರ್ನಾಟಕದ್ದೂ ಒಂದು. 1976ರಲ್ಲಿ ಇಲ್ಲಿನ ಡಿ. ಎಂ. ಚಂದ್ರಶೇಖರ್ ಅಲಹಾಬಾದಿಗೂ, ಎಂ. ಸದಾನಂದಸ್ವಾಮಿ ಗೌಹಾಟಿಗೂ ವರ್ಗವಾದರು. ಅವರು ರಾಜೀನಾಮೆ ಕೊಡಲಿಲ್ಲ. ಹೋದಲ್ಲಿ ಕೆಲಸ ಮಾಡಿದರು. ಸುಪ್ರೀಂ ಕೋರ್ಟಿನಲ್ಲಿ ಬಂಧಿತರ ಪರವಾಗಿ ಎಚ್. ಆರ್. ಖನ್ನಾ ಒಬ್ಬರೇ ನಿಂತರು. 1977ರಲ್ಲಿ ಅವರನ್ನು ದಾಟಿ ಕಿರಿಯರೊಬ್ಬರಿಗೆ ಪಟ್ಟ ಕಟ್ಟಿದಾಗ ಅವರು ಹೊರಬಂದರು.

ಖನ್ನಾ ಅವರ ನಡತೆಯಲ್ಲಿ ನಮ್ಮ ಪ್ರಶ್ನೆಗೆ ಬೆಳಕುಂಟು. ಬಂಧಿತನು ಬಾಗಿಲಲ್ಲಿ ನಿಂತಿರುವಾಗ ಅವರು ಕುರ್ಚಿ ಬಿಡಲಿಲ್ಲ; ಆ ಹೊತ್ತಿನಲ್ಲಿ ಬಿಡುವುದು ಕೈಕೊಟ್ಟಂತೆ. ತೀರ್ಪು ಹೇಳಿ ಮುಗಿಸಿದ ಮೇಲೆ, ಆ ತೀರ್ಪಿಗಾಗಿಯೇ ದಂಡನೆ ಬಂದಾಗ ಬಿಟ್ಟರು. ಹೆಗ್ಡೆಯವರೂ ಹಾಗೆಯೇ: ಹೇಳಬೇಕಾದ್ದನ್ನು ಹೇಳಿದ ಮೇಲೆಯೇ ಎದ್ದರು. ವಿದುರನು ಹೊರನಡೆದದ್ದು ನೀತಿಯನ್ನು ಹೇಳಿದ ಬಳಿಕ. ಭೀಷ್ಮರ ದೋಷ ಉಳಿದದ್ದರಲ್ಲಿ ಇಲ್ಲ, ಉಳಿದೂ ಸುಮ್ಮನಿದ್ದುದರಲ್ಲಿ ಇದೆ.

ಹೆಗ್ಡೆಯವರು ಮುಂದೆ 1977ರಲ್ಲಿ ಲೋಕಸಭೆಗೆ ಆಯ್ಕೆಯಾಗಿ ಸ್ಪೀಕರರೂ ಆದರು. ರಾಜಕೀಯದಿಂದ ಬಂದು ರಾಜಕೀಯಕ್ಕೆ ಹೋದವರ ತ್ಯಾಗಕ್ಕೆ ಬೆಲೆಯೇನೆಂದು ಕೇಳುವವರಿದ್ದಾರೆ. ರಾಜೀನಾಮೆ ಕೊಟ್ಟ ದಿನ ಆ ಪದವಿ ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ಕಳೆದುಕೊಂಡ ಪದವಿ ಮಾತ್ರ. ಮನುಷ್ಯನು ಎಲ್ಲಿಂದ ಬಂದ ಎಂಬುದಕ್ಕಿಂತ ಪೀಠದಲ್ಲಿ ಕುಳಿತಾಗ ಯಾರಿಗೆ ಅಂಜಿದ ಎಂಬುದೇ ಮುಖ್ಯ.

ನಮ್ಮ ಜಾಂಬೋಟಿಯ ಕಾಡಂಚಿನ ರೈತನಿಗೆ ಈ ಹೆಸರುಗಳು ಗೊತ್ತಿರಲಿಕ್ಕಿಲ್ಲ. ಅವನ ಪಾಲಿನ ಹೈಕೋರ್ಟು 1956ರ ವರೆಗೆ ಮುಂಬಯಿಯಲ್ಲಿತ್ತು, ಆಮೇಲೆ ಬೆಂಗಳೂರಿನಲ್ಲಿ. 2008ರಿಂದ ಧಾರವಾಡದ ಪೀಠ ಹತ್ತಿರವಾಗಿದೆ. ಜಮೀನಿನ ಕಾಗದಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಖಾನಾಪುರದ ಬಸ್ಸು ಹತ್ತುವಾಗ ಅವನಿಗಿರುವುದು ಒಂದೇ ನಂಬಿಕೆ: ಎದುರಿಗೆ ಸರಕಾರವೇ ಇದ್ದರೂ ಮೇಲೆ ಕುಳಿತವನು ತನ್ನ ಮಾತನ್ನು ಕೇಳುತ್ತಾನೆ. ಆ ನಂಬಿಕೆಯನ್ನು ಉಳಿಸುವುದಾದರೆ ಕುಳಿತುಕೊಳ್ಳುವುದೂ ಧರ್ಮ, ಏಳುವುದೂ ಧರ್ಮ.